ಅತ್ತೆಯ ಆನೆ, ಪರೀಕ್ಷೆಯ ತೆಂಗಿನಕಾಯಿ

ನಮ್ಮತ್ತೆ ಓದುತ್ತಿದ್ದ ವರ್ಷ ನಮ್ಮ ಮನೆಗೆ ನೀವು ಎಣ್ಣೆಗಾಯಿ ತಿನ್ನುವ ಆಸೆಯಿಂದ ಬಂದಿದ್ದರೆ ಕೆಟ್ಟಿರಿ ಅಂತಲೇ ಲೆಕ್ಕ. ಬದನೆಕಾಯಿ ಆಗ ತರಕಾರಿಯಲ್ಲ, ಪಠ್ಯ! ಅತ್ತೆ ಎಂದರೆ ಗಂಡನ ತಾಯಿಯಲ್ಲ ಮತ್ತೆ, ಅಪ್ಪನ ತಂಗಿ. ಮದುವೆ ಬೇಡವೆಂದು ನಮ್ಮ ಜೊತೆಗೇ ಉಳಿದವಳು. ಅರಸೀಕೆರೆಯ ನಮ್ಮ ತೆಂಗಿನಕಾಯಿ ಮಂಡಿ ಅಪ್ಪನಿಗಿಂತ ಅವಳಿಗೇ ಹೆದರುತ್ತದೆ. ಐವತ್ತು ದಾಟಿದ ಮೇಲೆ, ಎಂದೋ ಅರ್ಧಕ್ಕೆ ಬಿಟ್ಟ ಪಿಯುಸಿ ಮುಗಿಸಿಯೇ ತೀರುತ್ತೇನೆಂದು ಮುಕ್ತ ಶಾಲೆಗೆ ಸೇರಿದಳು. ಮಿಕ್ಕ ವಿಷಯಗಳನ್ನು ಮೂಗು ಹಿಡಿದು ಕಷಾಯ ಕುಡಿದ ಹಾಗೆ ದಾಟಿದಳು. ಉಳಿದದ್ದು ಚಿತ್ರಕಲೆ. ಅದೊಂದು ಪಾಸಾದರೆ ಗೆದ್ದಳು!

ಪರೀಕ್ಷೆಯಲ್ಲಿ ನಾಲ್ಕಾರು ವಸ್ತು ಜೋಡಿಸಿಟ್ಟು, ನೋಡಿಕೊಂಡು ಬರೆಯಿರಿ ಎನ್ನುತ್ತಾರಂತೆ. ಸರಿ, ನಮ್ಮ ಅಡುಗೆಮನೆಯಲ್ಲಿ ದಿನವೂ ಪರೀಕ್ಷೆ ಶುರುವಾಯಿತು. ಒಂದು ಬೆಳಿಗ್ಗೆ ಅಪ್ಪ ಕಾಫಿ ಲೋಟಕ್ಕೆ ಕೈ ಹಾಕಿದರು.

“ಅಣ್ಣಾ, ಮುಟ್ಬ್ಯಾಡ! ಲೋಟದ್ ಮ್ಯಾಲೆ ಬೆಳಕು ಚೆಂದಾಗ್ ಬಿದ್ದೈತೆ.”

“ಕಾಫಿ ಆರೋಗ್ತೈತೆ ಕಣಮ್ಮಿ!”

“ಆರ್ಲಿ ಬಿಡು. ಹಬೆ ಬರೆಯೋಕೆ ನಂಗಿನ್ನೂ ಬರಲ್ಲ.”

ಆಮೇಲೆ ನೆರಳು-ಬೆಳಕು ಕಲಿಯಲು ಹಳೇಬೀಡಿಗೆ ಹೊರಟಳು. ಬೇಲೂರು ಬೇಡವೇ ಎಂದೆ. “ಅಲ್ಲಿ ಹೆಂಗಸರ ಒಡವೆ ಬರೆಯೋಕ್ ಕೂತ್ರೆ ಪರೀಕ್ಷೆನೇ ಮುಗ್ದೋಗ್ತದೆ” ಎಂದಳು. ಹಳೇಬೀಡಿನಲ್ಲಿ ಗೋಡೆಯ ಕೆಳಸಾಲಿನ ಒಂದೇ ಒಂದು ಆನೆಯನ್ನು ಆರಿಸಿಕೊಂಡು ಅದರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಳು. ಪ್ರವಾಸಿಗಳು ಬಂದರೆ, “ಸ್ವಲ್ಪ ಅತ್ಲಾಗ್ ನಿಂತ್ಕಳ್ರೀ, ಆನೆ ಕಪ್ಪಾಗೋಯ್ತು!” ಎಂದು ಗದರುವುದು. ಆನೆಯಾದರೂ ಒಂದು ದಿನಕ್ಕೆ ಮುಗಿಯಿತೇ? ಜಾವಗಲ್ ದಾರಿಯ ಬಸ್ಸಿನ ಕಂಡಕ್ಟರ್ ಟಿಕೆಟ್ ಕೊಡುತ್ತಲೇ ವಿಚಾರಿಸುವಂತಾಯಿತು.

“ಏನಮ್ಮಾ, ಆನೆ ಎಲ್ಲಿಗ್ ಬಂತು?”

“ಹೊಟ್ಟೆ ಮುಗೀತಪ್ಪ. ಬಾಲಕ್ಕೆ ನಾಳೆ ಬತ್ತೀನಿ.”

ಕೊನೆಗೂ ಪರೀಕ್ಷೆ ಬಂತು. ಸ್ಟೂಲಿನ ಮೇಲೆ ಚೆಂಬು, ಬಾಳೆಹಣ್ಣು, ಒಂದು ತೆಂಗಿನಕಾಯಿ. ಅಯ್ಯೋ ದೇವರೇ, ತೆಂಗಿನಕಾಯಿ! ಮಂಡಿಯವರ ಕಣ್ಣಿಗೆ ಕಾಯಿ ಬಿದ್ದರೆ ಕೈ ಸುಮ್ಮನಿರುತ್ತದೆಯೇ? ಎಲ್ಲರ ಚಿತ್ರ ಅರ್ಧ ಮುಗಿದ ಹೊತ್ತಿಗೆ ಅತ್ತೆ ಸೀದಾ ಎದ್ದು ಹೋಗಿ, ಕಾಯಿ ಎತ್ತಿ, ಕಿವಿಯ ಹತ್ತಿರ ಹಿಡಿದು ಗುಳಗುಳ ಅಲ್ಲಾಡಿಸಿಬಿಟ್ಟಳು!

“ಇದು ಕೆಟ್ಟೈತೆ ಕಣ್ರೀ ಸಾರ್. ಯಾರ್ ಕೊಟ್ರು ನಿಮ್ಗೆ?”

ಇಷ್ಟು ಹೇಳಿ ಕಾಯನ್ನು ವಾಪಸ್ ಇಟ್ಟಳು, ಜುಟ್ಟು ಇನ್ನೊಂದು ಕಡೆಗೆ ಮಾಡಿ. ಹುಡುಗಿಯರೆಲ್ಲ, “ಆಂಟೀ! ನಮ್ ಜುಟ್ಟು ಈ ಕಡೆ ಇತ್ತು!” ಎಂದು ಹುಯಿಲೆಬ್ಬಿಸಿದರು.

ಮೇಲ್ವಿಚಾರಕರು ಕೆಂಡವಾದರು. “ನೀವು ಬಂದಿರೋದು ಕಾಯಿ ವ್ಯಾಪಾರಕ್ಕಲ್ಲಮ್ಮ! ಇನ್ನೊಂದ್ಸಲ ಎದ್ರೆ ಪೇಪರ್ ಕಿತ್ಕೊಂಡು ಹೊರಗೆ ಕಳಿಸ್ತೀನಿ.”

ಆ ಹೆದರಿಕೆಯಲ್ಲಿ ಅತ್ತೆ ಬರೆದ ಕಾಯಿ ಕುಂಬಳಕಾಯಿಯಂತೆ ಊದಿಕೊಂಡಿತಂತೆ. ಮನೆಗೆ ಬಂದು ಗೋಡೆಗೆ ಒರಗಿ ಕೂತಳು. “ಹೋಯ್ತು ಕಣೇ. ಕೈಯಾರೆ ನಾನೇ ಕೆಡಿಸ್ಕಂಡೆ.” ಫಲಿತಾಂಶ ಬರುವವರೆಗೆ ಮಂಡಿಯಲ್ಲಿ ಅವಳ ದನಿಯೇ ಕೇಳಲಿಲ್ಲ, ಹಮಾಲರೇ ಬಂದು, ಅಕ್ಕಂಗೆ ಹುಷಾರಿಲ್ವಾ ಎಂದು ಕೇಳಿ ಹೋದರು.

ಪಾಸ್! ಮೊಬೈಲಿನಲ್ಲಿ ನೋಡಿದವಳು ನಾನೇ. ನನ್ನ ಸ್ವಂತ ಡಿಗ್ರಿ ಬಂದಾಗಲೂ ನಾನು ಅಷ್ಟು ಬೀಗಿರಲಿಲ್ಲ. ಬೀದಿಗೆಲ್ಲ ಮೈಸೂರುಪಾಕು ಹಂಚಿ, ಆ ಆನೆಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದೆ. ನೋಡಲು ಬಂದ ಪಕ್ಕದ ಮನೆಯಾಕೆ, “ಇಂಥಾ ಕೈ ಇಟ್ಕಂಡು ಆವಾಗ ಯಾಕೆ ಓದು ಬಿಟ್ರಿ?” ಎಂದು ಕೇಳಿದರು.

“ಸೋಮಾರಿತನ ಕಣ್ರೀ” ಎಂದಳು ಅತ್ತೆ. ನನಗೂ ಅವಳು ಯಾವಾಗಲೂ ಹೇಳಿದ್ದು ಅದನ್ನೇ.

ಅಪ್ಪ ತಲೆ ಎತ್ತದೆ ನನ್ನ ಕಡೆ ಕೈ ತೋರಿಸಿದರು. “ಸುಳ್ಳು ಹೇಳ್ತಾಳೆ. ಹೆರಿಗೇಲಿ ಇವಳ ಅವ್ವ ಹೋದ್ಲಲ್ಲ, ಅವತ್ತು ಕೂಸು ಎತ್ಕಂಡೋಳು ಮತ್ತೆ ಕಾಲೇಜಿಗೆ ಹೋಗ್ಲೇ ಇಲ್ಲ.”

ಆ ಕೂಸು ನಾನು. ನನಗೆ ದುಃಖ ಒತ್ತರಿಸಿ ಬಂತು. “ನನ್ನಿಂದ್ಲೇ ನಿನ್ನ ಓದು ಹೋಯ್ತಲ್ಲ ಅತ್ತೆ” ಎಂದೆ. ಅತ್ತೆ ಸೆರಗಿನಲ್ಲಿ ನನ್ನ ಕಣ್ಣು ಒರೆಸಿದಳು.

“ಎಲ್ಲಿಗೆ ಹೋಯ್ತೇ ಹುಚ್ಚಿ? ಬಂತಲ್ಲ ಈಗ! ಓದು ಕಾಯ್ತದೆ ಕಣೇ. ಹಸಿದ ಕೂಸು ಕಾಯ್ತದಾ?”