ನಾನು ಜಾಗ ನೋಡಿದ ಅಂಗಡಿಗಳು

ಕೆಲವರು ಮನೆ ಬಿಟ್ಟು ಹೊಂಟರ ಮಳಿ ಬರ್ತದ. ನಾನು ಹೊಸ ಅಂಗಡಿಗೆ ಜಾಗ ನೋಡಲಿಕ್ಕೆ ಹೊಂಟರ ಏನರೆ ಒಂದು ಫಜೀತಿ ಆಗೇ ಆಗ್ತದ. ಪುಣೆಯ ಸುತ್ತಮುತ್ತ ನಮ್ಮ ಮಾಲಕರ ಕಿರಾಣಿ ಅಂಗಡಿಗಳು ಎಷ್ಟು ಅದಾವೋ, ಮೊದಲನೇದೊಂದು ಬಿಟ್ಟರ ಅಷ್ಟಕ್ಕೂ ಜಾಗ ಆರಿಸಿದವ ನಾನೇ. ನಾನು ಸಾಲಿ ಕಟ್ಟಿ ಹತ್ತಿದವನಲ್ಲ. ಆದರ ಅಂಗಾಲು ಊರಿದರ ಸಾಕು, ಆ ಓಣ್ಯಾಗ ತಿಂಗಳಿಗೆ ಸಕ್ಕರಿ ಎಷ್ಟು ಖರ್ಚಾಗ್ತದ ಅಂತ ನೆಲಾನೇ ನನಗ ಹೇಳ್ತದ.

೧. ಮಲಗಿದ ನಾಯಿಗಳು

ಆಗ ನಾನು ಮಾರ್ಕೆಟ್ ಯಾರ್ಡ್‌ನಾಗ ಹಮಾಲ. ಎರಡೂ ಹೆಗಲಿಗೆ ಒಂದೊಂದು ಚೀಲ, ಹಲ್ಲಿನಾಗ ಮೂರನೇದು. ನಂಬದವರು ಬಿಡ್ರಿ. ವಿಜಯಪುರ ಕಡೆಯ ನಮ್ಮ ಮಾಲಕರು ಎರಡನೇ ಅಂಗಡಿಗೆ ಒಂದು ಜಾಗ ಗೊತ್ತು ಮಾಡಿದ್ದರು. ಮಾಲು ಇಳಿಸಲಿಕ್ಕೆ ಅನುಕೂಲ ಅದನೋ ಇಲ್ಲೋ ನೋಡು ಅಂತ ನನ್ನನ್ನ ಕರಕೊಂಡು ಹೋದರು.

"ಹೆಂಗದ ಜಾಗ?" ಅಂದರು.

"ಭಾಳ ಛಲೋ ಅದರಿ, ನಿದ್ದಿ ಮಾಡಲಿಕ್ಕೆ."

"ಅಂದ್ರ?"

"ಹನ್ನೊಂದು ಗಂಟೆ ಆತ್ರಿ. ನಡುರಸ್ತ್ಯಾಗ ನಾಕು ನಾಯಿ ಕಾಲು ಚಾಚಿ ಮಲಗ್ಯಾವ, ಒಬ್ಬರೂ ಬಾಲ ತುಳದಿಲ್ಲ. ನಾಯಿಗೆ ಇಷ್ಟು ಧೈರ್ಯ ಇದ್ದಲ್ಲಿ ಗಿರಾಕಿ ಇರೂದಿಲ್ಲರಿ."

ಮಾಲಕರು ಆ ಜಾಗ ಬಿಟ್ಟು, ಜಾಗ ನೋಡೋ ಕೆಲಸಕ್ಕ ನನ್ನನ್ನ ಹಿಡಿದರು. ಅಲ್ಲಿ ಬ್ಯಾರೆ ಯಾರೋ ಅಂಗಡಿ ತೆರೆದು ಮೂರು ತಿಂಗಳಿಗೆ ಬಿಟ್ಟು ಹೋದರು. ಈಗ ನಾಯಿಗಳು ಒಳಗ, ನೆರಳಿನಾಗ ಮಲಗ್ತಾವ.

೨. ತುಳಸಿ ಕುಂಡ

ಹಂಗ ಇಪ್ಪತ್ತು ವರ್ಷ ನಡೀತು. ಆಮೇಲೆ ಬೆಂಗಳೂರಿನಿಂದ ಒಬ್ಬ ಕಲಿತ ಆಫೀಸರ್ ಬಂದ. ಮಾಲಕರು ಇಬ್ಬರನ್ನೂ ಎದುರಿಗೆ ಕೂಡಿಸಿ ಹೇಳಿದರು: "ಆರು ತಿಂಗಳು ಇಬ್ಬರೂ ಜಾಗ ನೋಡ್ರಿ. ಆಮೇಲೆ ಈ ಕೆಲಸಕ್ಕ ಒಬ್ಬರೇ, ಇನ್ನೊಬ್ಬರು ಗೋದಾಮಿಗೆ."

ಗೋದಾಮು ಅಂದ್ರ ನನಗ ಮತ್ತ ಚೀಲ. ಹೆಗಲು ಇನ್ನೂ ತಯಾರು ಅದಾವ, ಖರೇ. ಮೂರನೇ ಚೀಲಕ್ಕ ಹಲ್ಲು ಎಲ್ಲಿಂದ ತರಲಿ?

ಆಫೀಸರ್ ಮೊದಲ ಸಲ ಹೋಗಿದ್ದು ಸಾಸವಡಕ್ಕ. ಅಲ್ಲಿಂದಲೇ ನನಗ ಫೋನ್ ಮಾಡಿದ.

"ಯಜಮಾನ್ರೇ, ಏನ್ ಜನ ಇಲ್ಲಿ! ಕಾಲಿಡೋಕೆ ಜಾಗ ಇಲ್ಲ. ಮೂರು ಮಹಡಿ ಅಂಗಡೀನೇ ತಗೊಂಡ್‌ಬಿಡೋಣ."

"ಸಾಹೇಬ್ರ, ಅವರು ಆ ಊರವರಲ್ಲರಿ. ಪಾಲಖಿ ಸಂಗಡ ಪಂಢರಪುರಕ್ಕ ನಡಕೊಂಡು ಹೊಂಟ ವಾರಕರಿಗಳು. ಇವತ್ತು ಅಲ್ಲಿ ಮುಕ್ಕಾಮು, ಮುಂದ ಜೇಜುರಿಗೆ ಹೋಗ್ತಾರ. ಹೆಣ್ಣುಮಕ್ಕಳ ತಲಿ ಮ್ಯಾಲೆ ತುಳಸಿ ಕುಂಡ ಕಾಣಲಿಲ್ಲೇನು?"

"ಕಾಣ್ತು. ಈ ಊರಲ್ಲಿ ಗಿಡ ಬೆಳೆಸೋ ಹುಚ್ಚು ಜಾಸ್ತಿ ಅಂತ ರಿಪೋರ್ಟಲ್ಲಿ ಬರ್ದಿದೀನಿ. ಒಂದು ಮಹಡಿ ಪೂರ್ತಿ ಕುಂಡಕ್ಕೇ ಇಡೋಣ."

೩. ಭೋರಿನ ಅಜ್ಜಿ

ಕಡೀಕ ಎಲ್ಲಾ ಭೋರ್ ಊರಿನ ಮ್ಯಾಲೆ ಬಂದು ನಿಂತಿತು. ಪ್ಯಾಟಿ ಮೂಲಿಯ ಮನಿ, ಕೆಳಗ ದೊಡ್ಡ ಜಾಗ, ಒಡತಿ ಒಬ್ಬ ಮರಾಠಿ ಅಜ್ಜಿ. ಯಾರು ಕೇಳಿದರೂ ಬಾಡಿಗೆಗೆ ಕೊಡಾಕಿ ಅಲ್ಲ. "ಈ ಜಾಗ ತಂದವರಿಗೆ ಕೆಲಸ, ಮುಗೀತು," ಅಂದರು ಮಾಲಕರು.

ಆಫೀಸರ್ ಮೊದಲು ಹೋದ. ಅಜ್ಜಿ ಕಟ್ಟಿ ಮ್ಯಾಲೆ ಕೂತು ಅಕ್ಕಿ ಹಸನ ಮಾಡ್ತಿದ್ದಳು. ಇವ ಲ್ಯಾಪ್‌ಟಾಪ್ ತೆರೆದು ಎದುರಿಗೆ ಹಿಡಿದ. "ಬಿಸಿಲಿಗೆ ಅಡ್ಡ ಹಿಡಿಬ್ಯಾಡಪ್ಪಾ, ಅಕ್ಕ್ಯಾಗಿನ ಹಳ್ಳು ಕಾಣವಲ್ದು," ಅಂದಳಂತ. ಅಲ್ಲಿಗೆ ಅವನ ಕತಿ ಮುಗೀತು.

ಮರುದಿನ ನಾನು ಹೋದೆ. ಇನ್ನೊಂದು ಮೊರ ತಗೊಂಡು ಮಗ್ಗಲಿಗೆ ಕೂತೆ. ನನ್ನ ಮರಾಠಿ ಬೆಣ್ಣಿ ಇದ್ದಂಗ. ನಮ್ಮಜ್ಜ ಒಬ್ಬನೇ ಒಂದು ಆನಿಯನ್ನ ಹಿಂದಿನಿಂದ ತಳ್ಳಿ ಘಾಟ ಹತ್ತಿಸಿ ಈ ಊರಿನ ರಾಜರಿಗೆ ಒಪ್ಪಿಸಿದ ಸಂಗತಿ ಹೇಳಿದೆ. ಎರಡನೇ ದಿನ ಮತ್ತ ಹೋದೆ, ಮತ್ತ ಹೇಳಿದೆ.

ಅಜ್ಜಿ ಮೊರ ನಿಲ್ಲಿಸಿದಳು. "ನಿನ್ನೆ ತಳ್ಳಿದ ಅಂದಿ. ಇವತ್ತು ಹೊತ್ತಕೊಂಡು ಬಂದ ಅಂತಿ?"

"ಅರ್ಧ ದಾರಿಗೆ ಆನಿ ದಣೀತರಿ ಆಜಿ."

ಮೂರನೇ ದಿನ ನನ್ನ ನೋಡಿ ಬಾಗಿಲು ಹಾಕಿಕೊಂಡಳು. ನಾನು ಕಿಡಕಿಯಾಗಿಂದ ಹೇಳಿದೆ. ನಾಲ್ಕನೇ ದಿನ ತಾನೇ ಮಾಲಕರಿಗೆ ಫೋನ್ ಮಾಡಿಸಿದಳು: ಕಾಗದ ತಗೊಂಡು ಬರ್ರಿ.

ಮಾಲಕರು, ಆಫೀಸರ್, ವಕೀಲ, ಎಲ್ಲಾರೂ ಹೋದಿವಿ.

"ಯಾರ ಮಾತಿಗೆ ಒಪ್ಪಿದ್ರಿ ಆಜಿ?" ಮಾಲಕರು ಕೇಳಿದರು.

ಅಜ್ಜಿ ನನ್ನ ಕಡೆ ಬೆರಳು ಮಾಡಿದಳು. "ಇವನ ಮಾತಿಗೇ. ಮೂರು ದಿನದಿಂದ ಮನ್ಯಾಗ ಅಕ್ಕಿ ಹಸನಾಗಿಲ್ಲ. ವಕೀಲರ, ಮೊದಲನೇ ಶರತ್ತು ಬರೀರಿ: ಅಂಗಡಿ ಇರೋ ತನಕ ಈ ಮನುಷ್ಯ ನನ್ನ ಕಟ್ಟಿ ಹತ್ತಬಾರದು."

ವಕೀಲರು ನನ್ನ ಹೆಸರು, ಅಪ್ಪನ ಹೆಸರು, ವಯಸ್ಸು ಎಲ್ಲಾ ಕೇಳಿ ಬರಕೊಂಡರು. ಮಾಲಕರು ನಕ್ಕೋತ ಸಹಿ ಹಾಕಿದರು. ಕೆಲಸ ನನಗ ಉಳೀತು, ಆಫೀಸರ್ ಗೋದಾಮಿಗೆ ಹೋದ.

ಅಂಗಡಿ ಭರ್ಜರಿ ನಡದದ. ನಾನು ಮಾತ್ರ ಎದುರಿನ ಫುಟ್‌ಪಾತಿನಿಂದ ನೋಡಿ ಬರತೇನಿ. ನಮ್ಮ ಕಂಪನ್ಯಾಗ ದೊಡ್ಡ ದೊಡ್ಡ ಡಿಗ್ರಿಯವರು ಅದಾರ. ಯಾರದರೆ ಹೆಸರು ಸ್ಟಾಂಪ್ ಪೇಪರಿನಾಗ, ಮಾಲಕರ ಸಹಿಗಿಂತ ಮ್ಯಾಲೆ, ಒಂದನೇ ನಂಬರಿಗೆ ಬಿದ್ದದ ಏನು ಕೇಳ್ರಿ.