ಬಣ್ಣದ ಪ್ರಿಂಟರ್ ಕರಗಿಸಿದ ಗುಲಾಬಿ

ಪಿರಿಯಾಪಟ್ಟಣ,
ಮಾರ್ಚ್ 2002

ಗೆ,
ಶ್ರೀಯುತ ಬಣ್ಣದ ಪ್ರಿಂಟರ್ ಅವರು,
ರುದ್ರಸ್ವಾಮಿಯವರ ಕಂಪ್ಯೂಟರ್ ಸೆಂಟರ್,
ಬಸ್ ನಿಲ್ದಾಣದ ಎದುರು.

ಮಾನ್ಯರೇ,

ತಾವು ಪ್ಲಾಸ್ಟಿಕ್ ಹೊದಿಕೆಯೊಳಗೆ ಧೂಳು ಸೋಕದೆ, ದಿನಕ್ಕೆರಡು ಊದುಬತ್ತಿಯ ಸೇವೆ ಸ್ವೀಕರಿಸುತ್ತಾ, ಹಬ್ಬಕ್ಕೆ ಬಂದ ಹೊಸ ಅಳಿಯನಂತೆ ಸುಖವಾಗಿ ಕುಳಿತಿದ್ದೀರೆಂದು ನಂಬಿದ್ದೇನೆ. ನಾನು ಹತ್ತು ತಿಂಗಳ ಹೆಣ್ಣುಮಗುವಿನ ತಾಯಿ. ಹತ್ತು ತಿಂಗಳಿಂದ ಒಂದೇ ಸಮನೆ ಎರಡು ಗಂಟೆ ನಿದ್ದೆ ಮಾಡಿದವಳಲ್ಲವಾದ್ದರಿಂದ, ಈ ಪತ್ರದಲ್ಲಿ ಎಲ್ಲಾದರೂ ಒಂದು ವಾಕ್ಯ ತೂಕಡಿಸಿ ಪಕ್ಕದ ವಾಕ್ಯದ ಮೇಲೆ ಒರಗಿದರೆ ದಯವಿಟ್ಟು ಮನ್ನಿಸಬೇಕು.

ನಮ್ಮ ಮಾವನವರಾದ ಚಲುವಯ್ಯನವರು ಇಪ್ಪತ್ತೆರಡು ವರ್ಷ ಓಡಿಸಿದ ಬಿಳಿ ಅಂಬಾಸಿಡರ್ ಟ್ಯಾಕ್ಸಿಯನ್ನು, ಸಂಜೆಯಾದರೆ ಕಣ್ಣಿಗೆ ದಾರಿ ಮಂಜಾಗುತ್ತದೆಂಬ ಕಾರಣಕ್ಕೆ, ಯುಗಾದಿ ಕಳೆದ ಮೇಲೆ ಹಾರನಹಳ್ಳಿಯವರೊಬ್ಬರಿಗೆ ಕೊಡಲು ಒಪ್ಪಿದ್ದಾರೆ. ಗಾಡಿ ಹೋದರೂ ಅದರ ನೆನಪು ಷೋಕೇಸಿನಲ್ಲಿರಲೆಂದು ಮೈಸೂರಿನಿಂದ ಅಂಗೈಯಗಲದ ಒಂದು ಬಿಳಿ ಆಟಿಕೆ ಅಂಬಾಸಿಡರ್ ತಂದು ನನ್ನ ಕೈಗಿಟ್ಟು, "ನೀನು ಬಿಎಸ್ಸಿ ಓದ್ದೋಳಲ್ವೇನವ್ವ, ನಮ್ ಗಾಡೀಲಿ ಏನೇನ್ ಬರ್ದದೋ ಎಲ್ಲಾನೂವೆ ಇದ್ರಲ್ಲೂ ಬರೋ ಅಂಗೆ ಮಾಡ್ಕೊಡು, ಒಂದಕ್ಸರ ಎಚ್ಚೂ ಬ್ಯಾಡ ಕಮ್ಮೀನೂ ಬ್ಯಾಡ" ಎಂದರು.

ಆ ಗಾಡಿಯಲ್ಲಿ ಏನೇನು ಬರೆದಿದೆ ಎಂಬುದು ಈ ತಾಲ್ಲೂಕಿಗೇ ಬಾಯಿಪಾಠ. ಮುಂದಿನ ಗಾಜಿನ ಮೇಲೆ ಶ್ರೀ ಮಹದೇಶ್ವರ ಪ್ರಸನ್ನ, ಹಳದಿ ನಂಬರ್ ಪ್ಲೇಟು, ಡಿಕ್ಕಿಯ ಮೇಲೆ 'ನಿಧಾನವೇ ಪ್ರಧಾನ', ಹಿಂದಿನ ಗಾಜಿನ ಒಂದು ಬದಿಗೆ ಶರತ್, ಇನ್ನೊಂದು ಬದಿಗೆ ಭರತ್, ನಡುವೆ ಎಲೆಕೋಸಿನ ಗಾತ್ರದ ಒಂದು ಕೆಂಪು ಗುಲಾಬಿ. ಶರತ್, ಭರತ್ ನಮ್ಮ ಭಾವನವರ ಮಕ್ಕಳು. ನನ್ನ ಮಗಳು ಪದ್ಮಶ್ರೀಯ ಹೆಸರು ಎಲ್ಲಿಯೂ ಇಲ್ಲ. ಅವಳ ನಾಮಕರಣದ ದಿನವೇ ನಾನು ಮೆಲ್ಲಗೆ ಆ ಮಾತು ತೆಗೆದಿದ್ದೆ. "ಬರ್ಸೋಣ ಕಣವ್ವ, ಗಾಜಲ್ಲಿ ಜಾಗ ನೋಡ್ಬೇಕು" ಎಂದಿದ್ದ ಮಾವನವರು ಅಂದಿನಿಂದ ಜಾಗ ನೋಡುತ್ತಲೇ ಇದ್ದರು. ಅವರಲ್ಲಿ ದುರುದ್ದೇಶವಿರಲಿಲ್ಲ, ಗುಲಾಬಿ ಮೊದಲೇ ಬಂದು ಕೂತಿತ್ತು, ಅಷ್ಟೆ. ನಮ್ಮ ಯಜಮಾನರಂತೂ ಹೊಗೆಸೊಪ್ಪಿನ ಹರಾಜು ಮುಗಿಸಿ ಬಂದು, "ಬುಡು, ಗಾಜು ನೋಡ್ಕೊಂಡು ಯಾರು ಓದ್ತಾರೆ" ಎಂದು ಮಗ್ಗುಲಾದರು. ಯಾರು ಓದುತ್ತಾರೆಂದರೆ, ಮಾನ್ಯರೇ, ಇನ್ನು ನಾಲ್ಕು ವರ್ಷಕ್ಕೆ ಅಕ್ಷರ ಕಲಿತ ಪದ್ಮಶ್ರೀ ಆ ಷೋಕೇಸಿನ ಮುಂದೆ ನಿಂತು ಕೂಡಿಸಿ ಕೂಡಿಸಿ ಓದುತ್ತಾಳೆ, ಓದಿ ಮುಗಿಸಿ ನನ್ನ ಮುಖ ನೋಡುತ್ತಾಳೆ.

ಆದ್ದರಿಂದ ಮಾವನವರ ಅಪ್ಪಣೆಯಂತೆ ಎಲ್ಲವನ್ನೂ ಬರೆಸಿ, ಗುಲಾಬಿಯ ಕೆಳಗೆ ಎಲೆಯ ನೆರಳೋ ಎಂಬಂತೆ ತಿಳಿಗೆಂಪಿನಲ್ಲಿ 'ಪದ್ಮಶ್ರೀ' ಎಂದು ಸೇರಿಸಿಬಿಡುವ ಸಣ್ಣ ಕಳ್ಳತನವನ್ನು ನಿಶ್ಚಯಿಸಿದೆ. ಒಂದು ವಾರಪತ್ರಿಕೆ ಇದರ ವಿಧಾನ ತಿಳಿಸಿತ್ತು: ಅಕ್ಷರವಿರುವ ಕಾಗದದ ಮುಖಕ್ಕೆ ಅಗಲವಾದ ಪಾರದರ್ಶಕ ಟೇಪು ಒತ್ತಿ, ನೀರಿನಲ್ಲಿ ನೆನೆಸಿ, ಹಿಂದಿನ ಕಾಗದವನ್ನು ಬೆರಳಿನಿಂದ ಉಜ್ಜಿ ತೆಗೆದರೆ ಅಕ್ಷರ ಮಾತ್ರ ಟೇಪಿಗೆ ಅಂಟಿ ಉಳಿಯುತ್ತದೆ, ಅದನ್ನು ಕತ್ತರಿಸಿ ಪುಟಾಣಿ ಕಾರಿಗೆ ಮೆತ್ತಬಹುದು. ಜೆರಾಕ್ಸ್ ಪ್ರತಿಯನ್ನೇ ಬಳಸಬೇಕೆಂದು ಅವರು ಸ್ಪಷ್ಟವಾಗಿ ಬರೆದಿದ್ದರು. ಆದರೆ ತಮ್ಮಂಥ ಗಣ್ಯರು ಊರಿಗೆ ದಯಮಾಡಿಸಿರುವಾಗ, ಪಹಣಿ ಮತ್ತು ಜಾತಿ ಪ್ರಮಾಣಪತ್ರಗಳಲ್ಲೇ ತಲೆ ನರೆಸಿಕೊಂಡ ಆ ಕರಿ ಜೆರಾಕ್ಸ್ ಯಂತ್ರದ ಮುಂದೆ ನಿಲ್ಲುವುದು ತಮಗೆ ಅವಮಾನವೆಂದು ಭಾವಿಸಿದೆ. ರುದ್ರಸ್ವಾಮಿಯವರೂ ತಮ್ಮಿಂದ ಹೊರಬಂದ ಹಾಳೆಯನ್ನು ಎತ್ತಿ ಹಿಡಿದು, "ಏನ್ ಕಲರ್ ಮೇಡಂ, ಮದ್ವೆ ಕಾರ್ಡ್‌ಗಿಂತ ಜೋರಾಗದೆ" ಎಂದು ತಮ್ಮ ಪರವಾಗಿ ಅವರೇ ನಾಚಿಕೊಂಡರು.

ಮಗು ಮಧ್ಯಾಹ್ನ ಕಣ್ಣುಮುಚ್ಚಿದ ಅರ್ಧ ಗಂಟೆಯಲ್ಲಿ ಹಾಳೆಗೆ ಟೇಪು ಒತ್ತಿ ಸ್ಟೀಲು ಬೇಸಿನ್ನಿನಲ್ಲಿ ಮುಳುಗಿಸಿದೆ. ಮೊದಲು ತಿಳಿಗೆಂಪು ಹೊರಟಿತು, ಅಂದರೆ ನನ್ನ ಮಗಳ ಹೆಸರು. ಅವಳ ಹಿಂದೆಯೇ ಗುಲಾಬಿ. ಹಳದಿ, ಹಸಿರು ಒಂದರ ಕೈ ಒಂದು ಹಿಡಿದು ನಡೆದವು. ಶರತ್, ಭರತ್ ಹೊರಡಲು ಮನಸ್ಸಿಲ್ಲದ ನೆಂಟರಂತೆ ಕಪ್ಪಗೆ ಸ್ವಲ್ಪ ಹೊತ್ತು ನಿಂತು, ಕಾಗದ ಉಜ್ಜಿದೊಡನೆ ಅದರ ಜೊತೆಗೇ ಎದ್ದುಹೋದರು. ಯಾವುದು ನೀರಿನಲ್ಲಿ ಕರಗುತ್ತದೆ, ಯಾವುದು ಕರಗುವುದಿಲ್ಲ ಎಂಬುದನ್ನು ಮೂರು ವರ್ಷ ಓದಿ ಪ್ರಥಮ ದರ್ಜೆ ಪಡೆದ ನಾನು ಬಣ್ಣದ ನೀರನ್ನು ನೋಡುತ್ತಾ ಕೂತೆ. ಅಷ್ಟರಲ್ಲಿ ಎದ್ದು ಅಂಬೆಗಾಲಿಟ್ಟು ಬಂದ ಪದ್ಮಶ್ರೀ ಎರಡೂ ಕೈಯನ್ನು ಬೇಸಿನ್ನಿಗೆ ಹಾಕಿದಳು. ಒಂದು ಬೆರಳು ಬಾಯಿಗೂ ಹೋಯಿತು. ಅಂದು ಸಂಜೆಯವರೆಗೆ ಅವಳ ನಾಲಗೆಯನ್ನು ಹದಿನಾರು ಸಲ ಪರೀಕ್ಷಿಸಿದ್ದೇನೆ. ತಮ್ಮ ಶಾಯಿ ಕೂಸುಗಳ ಹೊಟ್ಟೆಗೆ ಹಿತವೆಂಬ ಪ್ರಮಾಣಪತ್ರವೊಂದನ್ನು ಸ್ವಹಸ್ತದಿಂದ ಮುದ್ರಿಸಿ, ನೀರು ತಾಗದ ಹಾಗೆ ತಾವೇ ನಡೆದು ಬಂದು ತಲುಪಿಸಬೇಕಾಗಿ ಕೋರುತ್ತೇನೆ. ಬಂದವರು ಅರ್ಧ ಗಂಟೆ ಮಗುವನ್ನು ಎತ್ತಿಕೊಂಡರೆ ನಾನೊಂದು ಗಳಿಗೆ ಒರಗುತ್ತೇನೆ.

ಮರುದಿನ ತಮ್ಮಿಂದಲೇ ಇನ್ನೊಂದು ಹಾಳೆ ತೆಗೆಸಿ, ತಮ್ಮ ಕಣ್ಣೆದುರೇ ಅದನ್ನು ಜೆರಾಕ್ಸ್ ಮಾಡಿಸಿದೆ. ಆ ಮುದುಕ ಯಂತ್ರದ ಒಂದು ಚುಕ್ಕೆಯೂ ನೀರಿಗೆ ಬೀಳಲಿಲ್ಲ. ನಂಬರ್ ಪ್ಲೇಟಿನ ಹಳದಿಗೆ ಅಡಿಗೆಮನೆಯ ಅರಿಸಿನವನ್ನೇ ಕಾಗದಕ್ಕೆ ಬಳಿದು ಟೇಪಿನಡಿ ಇಟ್ಟೆ. ಆದರೆ ಕರಿ ಬಣ್ಣದಲ್ಲಿ ಗುಲಾಬಿ ಸುಟ್ಟ ಬದನೆಕಾಯಿಯಂತೆ ಕಂಡಿತು. ಅದನ್ನು ಕತ್ತರಿಸಿ ತೆಗೆದರೆ ಅಣ್ಣತಮ್ಮಂದಿರ ನಡುವೆ ಹಲ್ಲು ಬಿದ್ದಂಥ ಖಾಲಿ. ಆ ಖಾಲಿಯಲ್ಲಿ ಪದ್ಮಶ್ರೀಯನ್ನು ಕೂರಿಸಿದೆ. ಸಣ್ಣಗಿದ್ದರೆ ಅವಳ ಹೆಸರಿನ ಒತ್ತುಗಳು ಮೆತ್ತಿಕೊಳ್ಳುತ್ತಿದ್ದುದರಿಂದ ಹಿಗ್ಗಿಸಿ ತೆಗೆಸಬೇಕಾಯಿತು. ಹೀಗಾಗಿ ಅಣ್ಣಂದಿರಿಗಿಂತ ಒಂದು ಸುತ್ತು ದಪ್ಪವಾಗಿಯೇ ಕೂತಳು.

ಮಾವನವರು ಆಟಿಕೆಯನ್ನು ಅಂಗಳದಲ್ಲಿದ್ದ ಗಾಡಿಯ ಡಿಕ್ಕಿಯ ಮೇಲಿಟ್ಟು, ಕನ್ನಡಕ ಒರೆಸಿ, ಇದರ ಮೇಲೊಂದು ಬೆರಳು ಅದರ ಮೇಲೊಂದು ಬೆರಳಿಟ್ಟು ಅಕ್ಷರಕ್ಕೆ ಅಕ್ಷರ ತಾಳೆ ನೋಡಿದರು. ಹಿಂದಿನ ಗಾಜಿಗೆ ಬಂದಾಗ ಬೆರಳು ನಿಂತಿತು. "ಊವೆಲ್ಲವ್ವ?" ಎಂದರು. ನಾನು ತಪ್ಪನ್ನೆಲ್ಲ ತಮ್ಮ ಮೇಲೆ ಹೊರಿಸಿ, "ಪ್ರಿಂಟರ್ ಬಣ್ಣ ನೀರಲ್ಲಿ ಕರಗೋಯ್ತು ಮಾವ" ಎಂದೆ. ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ನಮ್ಮ ಅತ್ತೆ ವಿಮಲಮ್ಮನವರು ತಲೆ ಎತ್ತದೆಯೇ, "ಆ ಊವೇನು ನಿಮ್ಮನ್ನ ತಾತ ಅಂತದಾ" ಎಂದರು. ಮಾವನವರು ಗಾಡಿ ಹತ್ತಿ ಹೊರಟೇ ಹೋದರು. ನಾನು ಅನ್ನಕ್ಕೆ ಸಾರು ಕಲಸಿ ಹಾಗೇ ಇಟ್ಟುಕೊಂಡು ಕೂತೆ.

ನಾಲ್ಕು ಗಂಟೆಗೆ ಗಾಡಿ ಬಂತು. ಪೇಂಟರ್ ನಿಂಗರಾಜು ಗುಲಾಬಿಯನ್ನು ಬ್ಲೇಡಿನಿಂದ ಹೆರೆದು, ಆ ಜಾಗದಲ್ಲಿ 'ಪದ್ಮಶ್ರೀ' ಎಂದು ಬರೆದಿದ್ದರು, ಅಣ್ಣಂದಿರಿಗಿಂತ ಒಂದು ಸುತ್ತು ದಪ್ಪಗೆ. "ಸಣ್ದೂ ದೊಡ್ಡದೂ ತಾಳೆ ಆಗ್ಬೇಕಲ್ಲವ್ವ" ಎಂದಷ್ಟೇ ಹೇಳಿ ಮಾವನವರು ಕೈಕಾಲು ತೊಳೆಯಲು ಹೋದರು.

ಹೀಗಾಗಿ, ಮಾನ್ಯರೇ, ದೂರು ಕೊಡಲು ಕುಳಿತವಳು ವಂದನೆ ಸಲ್ಲಿಸಬೇಕಾಗಿ ಬಂದಿದೆ. ತಾವು ಕರ್ತವ್ಯನಿಷ್ಠರಾಗಿದ್ದರೆ ನನ್ನ ಮಗಳು ಒಂದು ಹೂವಿನ ನೆರಳಿನಲ್ಲೇ ಉಳಿಯುತ್ತಿದ್ದಳು. ತಮ್ಮ ಅಸಾಮರ್ಥ್ಯ ಚಿರಾಯುವಾಗಲಿ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
ಶಶಿರೇಖಾ
(ಪದ್ಮಶ್ರೀಯ ತಾಯಿ)

ಮರೆತ ಮಾತು: ಬೇಸಿನ್ನಿನಲ್ಲಿ ಒಂದು ನಿಮಿಷವೂ ನಿಲ್ಲಲಾರದೆ ಹೊರಟ ತಮ್ಮ ಕೆಂಪು, ಅಂದು ಮಗು ತೊಟ್ಟಿದ್ದ ಬಿಳಿ ಫ್ರಾಕಿನ ಮೇಲೆ ಐದು ಒಗೆತ ಕಳೆದರೂ ಕದಲದೆ ಕೂತಿದೆ. ತಮಗೆ ಅಂಟಿಕೊಳ್ಳಲು ಬರುವುದಿಲ್ಲವೆಂಬ ಅರ್ಥ ಬರುವಂತೆ ಮೇಲೆ ಬರೆದದ್ದನ್ನು ಹಿಂತೆಗೆದುಕೊಳ್ಳುತ್ತೇನೆ. ಹೇಳಿದ ಜಾಗದಲ್ಲಿ ಮಾತ್ರ ಬರುವುದಿಲ್ಲ.