ನಮ್ಮ ಬೀದಿ ಉಳಿಸೋಕೆ ಬಂದ ಸೂಪರ್‌ಹೀರೋ

ನಮ್ಮ ಬೀದಿಯಲ್ಲಿ ಯಾವುದೂ ನೆಟ್ಟಗೆ ನಡೆದಿದ್ದೇ ಇಲ್ಲ. ಮದುವೆಯಾದರೂ ಅಷ್ಟೇ, ತಿಥಿಯಾದರೂ ಅಷ್ಟೇ, ನಗಬಾರದ ಕಡೆ ನಗು ಬಂದೇ ಬರುತ್ತೆ. ಇನ್ನು ಅಂಥ ಬೀದಿಗೆ ಸಿನಿಮಾದವರು ಬಂದರೆ ಕೇಳಬೇಕೆ?

ಕೋಲಾರದ ಹಳೇ ಪೇಟೆಯಲ್ಲಿ ನಂದೊಂದು ಟೈಲರಿಂಗ್ ಅಂಗಡಿ. ಹದಿನೆಂಟು ವರ್ಷದಿಂದ ಬ್ಲೌಸು, ಸೀರೆ ಫಾಲ್ಸು, ಸ್ಕೂಲ್ ಯೂನಿಫಾರಂ. ರೋಸಿ ಹೋಗಿತ್ತು. ಕೂತರೆ ಏಳಬೇಕು ಅನ್ಸೋದು, ಎದ್ದರೆ ಎಲ್ಲಾದರೂ ಓಡಿಹೋಗಬೇಕು ಅನ್ಸೋದು. ಹಂಗಿರುವಾಗ ಸಿನಿಮಾ ಮ್ಯಾನೇಜರ್ ಒಬ್ಬ ಅಂಗಡಿ ಮುಂದೆ ನಿಂತ.

"ಸೂಪರ್‌ಹೀರೋ ಕಾಮಿಡಿ ಅಕ್ಕಾ. ವಿಲನ್ನು ಬೀದಿ ಕೆಡವೋಕೆ ಬುಲ್ಡೋಜರ್ ತರ್ತಾನೆ, ಹೀರೋ ಹಾರ್ಕೊಂಡು ಬಂದು ಬೀದಿ ಉಳಿಸ್ತಾನೆ. ಬಟ್ಟೆ ಜವಾಬ್ದಾರಿ ನಿಮ್ದು. ಬೀದಿ ಜನಾನ ಸಂಭಾಳಿಸೋದೂ ನಿಮ್ದೇ, ಹೆಂಗೂ ಎಲ್ಲರ ಅಳತೆ ನಿಮ್ಮತ್ರ ಇದ್ಯಲ್ಲ. ಚೆನ್ನಾಗಿ ಆದ್ರೆ ಡೈರೆಕ್ಟರು ಮುಂದಿನ ಸಿನಿಮಾಕ್ಕೂ ನಿಮ್ಮನ್ನೇ ಕರೀತಾರೆ."

ಅವತ್ತಿಂದ ನನಗೆ ಅನ್ನ ಸೇರಲಿಲ್ಲ. ಇದು ಕೈಹಿಡಿದರೆ ಸಿನಿಮಾ, ಕೆಟ್ಟರೆ ಸಾಯೋತನಕ ಫಾಲ್ಸೇ ಗತಿ.

ಜೇಬು

ಮೈಗಂಟೋ ಹಸಿರು ಬಟ್ಟೆ, ಬೆನ್ನ ಹಿಂದೆ ಹಾರಾಡೋ ಹಳದಿ ವಸ್ತ್ರ. ಹೀರೋ ಹುಡುಗ ಹಾಕಿ ನೋಡಿ, "ಎಲ್ಲಾ ಸರಿ ಅಕ್ಕಾ, ಮೊಬೈಲ್ ಎಲ್ಲಿಡ್ಲಿ?" ಅಂದ. ಗಿರಾಕಿ ಕೇಳಿದ್ದಕ್ಕೆ ಇಲ್ಲ ಅಂದು ಅಭ್ಯಾಸವೇ ಇಲ್ಲ ನನಗೆ. ಎದೆಯ ಒಳಗಡೆ ಒಂದು ಜೇಬು ಇಟ್ಟುಬಿಟ್ಟೆ.

ಮೊದಲ ದಿನ ಹಾರೋ ಶಾಟು. ಹಗ್ಗ ಕಟ್ಟಿ ಅವನನ್ನು ನಾಲ್ಕಾಳೆತ್ತರ ಎತ್ತಿದರು. ಇಡೀ ಬೀದಿ ಉಸಿರು ಬಿಗಿಹಿಡಿದು ನಿಂತಿತ್ತು. ಅಷ್ಟರಲ್ಲಿ ಎದೆಯೊಳಗೆ ಫೋನ್ ಬಡ್ಕೊಳ್ತು. ಹುಡುಗ ತೆಗೆದು ಮಾತಾಡೇಬಿಟ್ಟ.

"ಹೇಳಮ್ಮಾ... ಹೂಂ, ತಿಂದೆ... ಇಡ್ಲಿ... ಎಲ್ಲಿದೀನಾ? ಮೇಲಿದೀನಿ."

ಹಾಸಿಗೆ

ಹೀರೋ ಮೊದಲ ಮಹಡಿಯಿಂದ ಧುಮುಕೋಕೆ ಕೆಳಗೆ ದಪ್ಪ ಹಾಸಿಗೆ ಬೇಕಾಗಿತ್ತು. ನಮ್ಮ ಬೀದಿಯಲ್ಲಿ ಹತ್ತಿ ಹಾಸಿಗೆ ಹೊಲಿಯೋ ಚಾಚಾ ಒಬ್ಬರಿದ್ದಾರೆ. ಅವರನ್ನ ಒಪ್ಪಿಸಿದವಳೂ ನಾನೇ. ಚಾಚಾ ಮೂರು ದಿನ ಕೂತು, ಮದುವೆಗೆ ಕೊಡೋ ಹಂಗೆ ಹೂವಿನ ಬಟ್ಟೆ ಹಾಕಿ ಹೊಲಿದು ತಂದರು.

ಹೀರೋ ಸಜ್ಜಾ ಮೇಲೆ ನಿಂತ. ಡೈರೆಕ್ಟರು "ಆ್ಯಕ್ಷನ್" ಅಂದರು. ಚಾಚಾ ಓಡಿಬಂದು ಹಾಸಿಗೆ ಮುಂದೆ ಕೈ ಅಗಲಿಸಿ ನಿಂತರು.

"ಏ ಬಾಬಾ! ಪೈಲೇ ಬೂಟು ಬಿಚ್ಚು!"

"ಚಾಚಾ, ಅವನು ಸೂಪರ್‌ಹೀರೋ!" ಅಂತ ಡೈರೆಕ್ಟರು ಕೂಗಿದರು.

"ಇರ್ಲಿ ಸಾಬ್. ನಮ್ಮ ಅಳಿಯ ಬಂದ್ರೂ ಬೂಟು ಬಿಚ್ಚೇ ಹತ್ತೋದು."

ಬುಲ್ಡೋಜರು

ಬುಲ್ಡೋಜರ್ ಬೆಳಗ್ಗೆ ಏಳಕ್ಕೇ ಮಾಲೂರಿಂದ ಬಂತು. ಡೈರೆಕ್ಟರು ಇನ್ನೂ ಲಾಡ್ಜಿನಲ್ಲಿ. ನಾನು ಅಂಗಡಿಯಲ್ಲಿ ವಿಲನ್ನಿನ ಕೋಟಿಗೆ ಗುಂಡಿ ಹಾಕುತ್ತಾ ಕೂತಿದ್ದೆ. ಆದರೂ ಯಾಕೋ ಮನಸ್ಸು ತಡೀಲಿಲ್ಲ, ಎದ್ದು ಹೋಗಿ ನೋಡಿದೆ.

ನಮ್ಮ ಬೀದಿಯ ರಿಟೈರ್ಡ್ ಮೇಷ್ಟ್ರು ಡ್ರೈವರ್‌ಗೆ ಕಾಫಿ ಕೊಟ್ಟು, "ಬಂದ್ಯೇನಪ್ಪಾ, ಎಷ್ಟು ದಿನದಿಂದ ಮುನ್ಸಿಪಾಲ್ಟಿಗೆ ಅರ್ಜಿ ಕೊಡ್ತಿದೀನಿ!" ಅಂತ ಅವನ ಕೈಲಿ ಚರಂಡಿ ಪಕ್ಕದ ಮಣ್ಣೆಲ್ಲಾ ಎತ್ತಿಸಿದ್ದರು. ಅಷ್ಟಕ್ಕೇ ಬಿಟ್ಟಿದ್ದರೆ ಸರಿಯಿತ್ತು. ಸಿನಿಮಾದವರು ಎರಡು ದಿನ ಒದ್ದಾಡಿ ಮಾಡಿಟ್ಟಿದ್ದ 'ಕೆಡವಿದ ಮನೆ'ಯನ್ನೂ ಕಸ ಅಂತ ಎತ್ತಿಸಿಬಿಟ್ಟಿದ್ದರು. ಆ ಜಾಗದಲ್ಲಿ ಮೇಷ್ಟ್ರ ಹೆಂಡತಿ ನೀರು ಚಿಮುಕಿಸಿ ರಂಗೋಲಿ ಬಿಡ್ತಾ ಇದ್ದರು.

ಡೈರೆಕ್ಟರು ಬಂದು ತಲೆ ಮೇಲೆ ಕೈ ಹೊತ್ತು ಕೂತರು. ಮೇಷ್ಟ್ರು ಹತ್ತಿರ ಹೋಗಿ ವಿನಯವಾಗಿ ಹೇಳಿದರು, "ನಿಮ್ಮ ವಿಲನ್ನು ತುಂಬಾ ಒಳ್ಳೇ ಮನುಷ್ಯ ಸಾರ್. ಹೀರೋ ಏನು ಕೆಲಸ ಮಾಡ್ತಾರೆ?"

ಕೊನೇ ಶಾಟು

ಇಷ್ಟೆಲ್ಲಾ ಆದಮೇಲೆ ಡೈರೆಕ್ಟರು ನನ್ನನ್ನ ಪಕ್ಕಕ್ಕೆ ಕರೆದು ಹೇಳಿದರು, "ಅಕ್ಕಾ, ಕ್ಲೈಮ್ಯಾಕ್ಸ್ ಇವತ್ತೇ ಆಗ್ಬೇಕು. ಆಗ್ಲಿಲ್ಲ ಅಂದ್ರೆ ಬೆಂಗಳೂರಲ್ಲಿ ಸೆಟ್ ಹಾಕ್ಕೊಂಡು ತಕ್ಕೋತೀನಿ. ಆಮೇಲೆ ನಿಮಗೂ ನಮಗೂ ನಮಸ್ಕಾರ."

ಶಾಟು ಇಷ್ಟೇ. ಬೀದಿ ಬಾಯಲ್ಲಿ ಬುಲ್ಡೋಜರ್, ಅದರ ಮೇಲೆ ವಿಲನ್ನು, ಮೇಲೆ ಹಗ್ಗದಲ್ಲಿ ಹೀರೋ. ಬೀದಿ ಹೆಂಗಸರೆಲ್ಲಾ ಕೈಗೆ ಸಿಕ್ಕಿದ್ದು ಹಿಡ್ಕೊಂಡು, ರೋಷದಿಂದ ಬುಲ್ಡೋಜರ್ ಕಡೆ ನುಗ್ಗಬೇಕು.

ನುಗ್ಗೋದಾ? ಐದು ಸಲ ತೆಗೆದರು. ಐದು ಸಲಾನೂ ಎಲ್ಲರೂ ಸೆರಗು ಸರಿಮಾಡ್ಕೊಂಡು, ಕ್ಯಾಮೆರಾ ನೋಡಿ ನಗ್ತಾ, ಅರಿಶಿನ ಕುಂಕುಮಕ್ಕೆ ಹೋದಂಗೆ ಹೋದರು. "ರೋಷ ತಂದ್ಕೊಳ್ರೇ! ನನ್ನ ಬಾಳು ಹಾಳ್ಮಾಡ್ಬೇಡ್ರೇ!" ಅಂತ ನಾನು ಗಂಟಲು ಹರ್ಕೊಂಡೆ. ಬಿಸಿಲು ಇಳೀತಾ ಬಂತು. ಅಳು ಬರೋದೊಂದು ಬಾಕಿ.

ಆರನೇ ಸಲ. ಕ್ಯಾಮೆರಾ ಓಡ್ತಿತ್ತು. ಬುಲ್ಡೋಜರ್ ಹಿಂದಿನಿಂದ ಯಾರೋ ಕೂಗಿದರು:

"ನೀರು ಬಂತೂ!"

ಕೋಲಾರದಲ್ಲಿ ಬೀದಿ ನಲ್ಲಿಗೆ ನೀರು ಬರೋದು ಯಾವತ್ತು ಅಂತ ಯಾರಿಗೂ ಗೊತ್ತಿರಲ್ಲ, ನಿಲ್ಲೋದು ಯಾವಾಗ ಅಂತಲೂ ಗೊತ್ತಿರಲ್ಲ. ನಮ್ಮ ನಲ್ಲಿ ಇರೋದು ಬೀದಿ ಬಾಯಲ್ಲಿ, ಸರಿಯಾಗಿ ಆ ಬುಲ್ಡೋಜರ್ ಹಿಂದೆ. ಒಂದೇ ಕ್ಷಣ. ಇಡೀ ಬೀದಿ ಬಿಂದಿಗೆ, ಬಕೆಟ್ಟು, ಕೊಡಪಾನ ಎತ್ಕೊಂಡು ಹುಯ್ಯಲಿಟ್ಕೊಂಡು ನುಗ್ಗಿತು. ವಿಲನ್ನು "ಅಯ್ಯಯ್ಯೋ" ಅಂತ ನಿಜವಾಗಲೂ ಹೆದರಿ ಕೆಳಗೆ ಹಾರಿ ಓಡಿದ. ಹಗ್ಗ ಹಿಡಿದಿದ್ದ ನಮ್ಮ ಬೀದಿ ಗಂಡಸರು ಹಗ್ಗಾನ ಕಂಬಕ್ಕೆ ಕಟ್ಟಿ ಕೊಡ ತರೋಕೆ ಓಡಿದರು. ಮೇಲಿಂದ ಹೀರೋ "ಇಳಿಸ್ರೀ!" ಅಂತ ಕೂಗಿದರೆ, ಮುಳಬಾಗಿಲ ಕಡೆಯ ಅಜ್ಜಿಯೊಬ್ಬರು ತಲೆ ಎತ್ತಿ, "ಇರು ನಾಯನಾ, ಎರಡು ಬಿಂದಿಗೆ ಹಿಡ್ದು ಬರ್ತೀನಿ," ಅಂದರು.

ಜನಾನ ತಡೀಬೇಕಾಗಿದ್ದವಳು ನಾನು. ನಾನೆಲ್ಲಿದ್ದೆ ಅಂತೀರಾ? ಎಲ್ಲರಿಗಿಂತ ಮುಂದೆ, ಎರಡು ಕೈಲಿ ಎರಡು ಬಿಂದಿಗೆ. ಪಕ್ಕದ ಮನೆಯವಳು ನನ್ನ ಮುಂದೆ ಕೊಡ ತುರುಕಿದಳು. ನಾನು ಬಿಂದಿಗೆ ಎತ್ತಿ, "ನನ್ನ ಪಾಳಿ ಬಿಡಲ್ಲ ಕಣೇ, ಪ್ರಾಣ ಹೋದ್ರೂ ಬಿಡಲ್ಲ!" ಅಂತ ಅಬ್ಬರಿಸಿದೆ.

ಎರಡೂ ಬಿಂದಿಗೆ ತುಂಬಿದ ಮೇಲೇ ನನಗೆ ಸಿನಿಮಾ ನೆನಪಾಗಿದ್ದು. ಮುಗೀತು ಕಥೆ ಅಂದ್ಕೊಂಡೆ. ಡೈರೆಕ್ಟರು ಹೀರೋನ ಇಳಿಸ್ಕೊಂಡು ಗಂಟುಮೂಟೆ ಕಟ್ಟಿ ಹೋದರು. ಆರು ತಿಂಗಳು ಫೋನಿಲ್ಲ. ನಾನು ಮತ್ತೆ ಫಾಲ್ಸ್ ಹಾಕ್ತಾ ಕೂತೆ.

ಸಿನಿಮಾ ಬಂದಾಗ ಹೆದರ್ಕೊಂಡೇ ಥಿಯೇಟರಿಗೆ ಹೋದೆ. ಕ್ಲೈಮ್ಯಾಕ್ಸಿನಲ್ಲಿ ಪರದೆ ತುಂಬ ನನ್ನದೇ ಮುಖ! ಕಣ್ಣು ಕೆಂಡ, ಬಿಂದಿಗೆ ಮೇಲೆ, ಬೇರೆ ಯಾರದೋ ದನಿಯಲ್ಲಿ "ನಮ್ಮ ಬೀದಿ ಬಿಡಲ್ಲ, ಪ್ರಾಣ ಹೋದ್ರೂ ಬಿಡಲ್ಲ!" ಥಿಯೇಟರೆಲ್ಲಾ ಶಿಳ್ಳೆ. ಪಕ್ಕದಲ್ಲಿ ಕೂತಿದ್ದ ಹೆಂಗಸು ಕಣ್ಣೊರೆಸ್ಕೊಂಡು, "ಊರಂದ್ರೆ ಆಯಮ್ಮಂಗೆ ಎಷ್ಟು ಪ್ರೀತಿ ನೋಡ್ರಿ," ಅಂದಳು. ನಾನು ಸೆರಗು ಮುಖದ ಮೇಲೆ ಎಳ್ಕೊಂಡೆ.

ಮಾರನೇ ದಿನ ಡೈರೆಕ್ಟರ ಫೋನು. "ಅಕ್ಕಾ, ಮುಂದಿನ ಸಿನಿಮಾ ಶುರು ಮಾಡ್ತಿದೀನಿ, ನೀವು ಬರಲೇಬೇಕು."

ನಾನು ಕೈಲಿದ್ದ ಫಾಲ್ಸ್ ಪಕ್ಕಕ್ಕೆಸೆದೆ. "ಬರ್ತೀನಿ ಸಾರ್! ಟೇಪು, ಕತ್ತರಿ ಎಲ್ಲಾ ನಂದೇ ತರ್ತೀನಿ. ಅಳತೆಗೆ ಯಾವತ್ತು ಬರ್ಲಿ?"

"ಬಟ್ಟೆಗಲ್ಲ ಅಕ್ಕಾ," ಅಂದರು. "ಜಗಳಕ್ಕೆ."